ಮಾರ್ನೆಮಿ ಟ್ಯಾಬ್ಲೋಗೆ ಕೊರಗರ ವೇಷ ಹಾಕಬಹುದೇ?

ಪ್ರಶ್ನೆ: ನಾವು ಉಡುಪಿ ಸಮೀಪದ ಯುವಕ ಮಂಡಲದವರು. ಮಾರ್ನೆಮಿ (ನವರಾತ್ರಿ) ಮೆರವಣಿಗೆಗೆ ಹುಲಿವೇಷದ ಜೊತೆ ‘ತುಳುನಾಡಿನ ಆದಿವಾಸಿಗಳು’ ಎಂಬ ಟ್ಯಾಬ್ಲೋ ಮಾಡಬೇಕೆಂದಿದ್ದೇವೆ. ಹುಡುಗರು ಮೈಗೆ ಮಸಿ ಬಳಿದು, ಮುಟ್ಟಾಳೆ (ಹಾಳೆ ಟೊಪ್ಪಿ) ಇಟ್ಟು, ಡೋಲು ಬಾರಿಸುತ್ತಾ ಕುಣಿಯುತ್ತಾರೆ. ಇದು ಇಲ್ಲಿನ ಆದಿವಾಸಿ ಸಮುದಾಯವಾದ ಕೊರಗರಿಗೆ ಅವಮಾನ ಎಂದು ಸದಸ್ಯರೊಬ್ಬರು ತಕರಾರು ತೆಗೆದಿದ್ದಾರೆ. ನಮ್ಮ ಉದ್ದೇಶ ಒಳ್ಳೆಯದೇ. ಹಿಂದೆ ಹರಕೆ ಹೊತ್ತೇ ಈ ವೇಷ ಹಾಕುತ್ತಿದ್ದರಲ್ಲವೇ?

ಉತ್ತರ: ಹಾಕುತ್ತಿದ್ದರು. ನೋಡಿದವರು ನಗುತ್ತಲೂ ಇದ್ದರು. ತಕರಾರು ತೆಗೆದ ಸದಸ್ಯರ ಮಾತು ಕೇಳಿ, ಈ ಟ್ಯಾಬ್ಲೋ ಕೈಬಿಡಿ.

ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳಲ್ಲಿ ಅಜಲು ಎಂಬ ಪದ್ಧತಿಯಿತ್ತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ, ಮನೆಯ ಅನಿಷ್ಟವೆಲ್ಲ ಅವರ ಮೇಲೆ ಹೋಯಿತು ಎಂದು ನಂಬುತ್ತಿದ್ದರು. ಕಂಬಳಕ್ಕೆ ಮೊದಲು ಅವರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುತ್ತಿದ್ದರು. ಇದನ್ನು ನಿಲ್ಲಿಸಲು ರಾಜ್ಯ ಸರಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ನಿಮ್ಮ ಹುಡುಗರು ರಾತ್ರಿ ಮಸಿ ತೊಳೆದುಕೊಂಡು ಮನೆಗೆ ಹೋಗುತ್ತಾರೆ. ಮೆರವಣಿಗೆ ನೋಡಲು ಬಂದ ಕೊರಗರ ಮಗುವಿಗೆ ಆ ನಗು ಮರುದಿನ ಶಾಲೆಯಲ್ಲೂ ಕೇಳಿಸುತ್ತದೆ. ಪರಿಶಿಷ್ಟರನ್ನು ಸಾರ್ವಜನಿಕವಾಗಿ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ ಎಂಬುದೂ ಗೊತ್ತಿರಲಿ.

2022ರಲ್ಲಿ ವಿಟ್ಲ ಕಡೆ ಮದುಮಗನೊಬ್ಬ ಕೊರಗ ಕುಲದ ದೈವ ಕೊರಗಜ್ಜನನ್ನು ಹೋಲುವ ವೇಷದಲ್ಲಿ ಕುಣಿದದ್ದು ಪೊಲೀಸ್ ಪ್ರಕರಣವಾಯಿತು. ಆಗ ಎದ್ದ ಸಿಟ್ಟು ಹೆಚ್ಚಾಗಿ ದೈವಕ್ಕೆ ಅಪಚಾರವಾಯಿತೆಂಬುದಕ್ಕೆ. ಕೊರಗರಿಗೆ ಏನನ್ನಿಸಿತೆಂದು ಕೇಳಿದವರು ಕಡಿಮೆ. ಕಳೆದುಹೋದ ಬೀಗದ ಕೈ ಸಿಗಲೆಂದು ಅಜ್ಜನಿಗೆ ಚಕ್ಕುಲಿ, ವೀಳ್ಯ ಹರಕೆ ಹೇಳುವ ನಾವು ಅಜ್ಜನ ಕುಲದವರನ್ನು ಎಷ್ಟು ಬಾರಿ ಮನೆಯೊಳಗೆ ಕರೆದಿದ್ದೇವೆ?

ಹಾಗೆಂದು ಎಲ್ಲಕ್ಕೂ ಹೆದರಬೇಕಿಲ್ಲ. ಮುಟ್ಟಾಳೆ ತುಳುನಾಡಿನ ರೈತರೆಲ್ಲ ಇಡುತ್ತಿದ್ದದ್ದು. ನೇಜಿ (ಭತ್ತದ ಸಸಿ) ನೆಡುವ ದೃಶ್ಯ ಮಾಡಿ, ಅಡಿಕೆ ಹಾಳೆಯ ಅದೇ ಟೊಪ್ಪಿ ಇಡಿ, ಯಾರ ಆಕ್ಷೇಪವೂ ಇರದು. ಅದರ ಕೆಳಗೆ ಮಸಿ ಬಳಿದ ಮುಖ ಬಂದಾಗ ತಾನೇ ಅದು ಗೇಲಿಯಾಗುವುದು? ಮಕ್ಕಳ ಛದ್ಮವೇಷಕ್ಕೆ ತರುವ ‘ರೆಡ್ ಇಂಡಿಯನ್’ ಗರಿ ಕಿರೀಟವನ್ನೂ ಬಿಟ್ಟುಬಿಡಿ. ಲಕೋಟಾದಂಥ ಸಮುದಾಯಗಳಲ್ಲಿ ಹದ್ದಿನ ಗರಿ ಸಾಧನೆಗೆ ಸಲ್ಲುವ ಗೌರವ.

ಡೋಲಿನ ವಿಷಯ ಸ್ವಲ್ಪ ಸೂಕ್ಷ್ಮ. ‘ನಾವು ಬಾರಿಸುವುದಿಲ್ಲ, ಕೊರಗರನ್ನೇ ಕರೆಸುತ್ತೇವೆ’ ಎಂದರೂ ಮುಗಿಯಲಿಲ್ಲ. ಕರೆದಲ್ಲಿಗೆ ಬಂದು ಬಿಟ್ಟಿಯಾಗಿ ಡೋಲು ಬಾರಿಸಬೇಕೆಂಬುದೂ ಅಜಲಿನ ಭಾಗವೇ ಆಗಿತ್ತು. ಆ ಕಾರಣಕ್ಕೆ ಡೋಲನ್ನೇ ಮುಟ್ಟದವರು ಅವರಲ್ಲಿದ್ದಾರೆ. ಅದೇ ಡೋಲು, ಕೊಳಲನ್ನು ನಮ್ಮ ಕಲೆ ಎಂದು ಹೆಮ್ಮೆಯಿಂದ ವೇದಿಕೆಗೆ ತರುವ ತಂಡಗಳೂ ಇವೆ. ಕೊರಗರದೇ ಸಂಘಟನೆಗಳ ಮೂಲಕ ಅಂಥ ತಂಡವನ್ನು ಸಂಪರ್ಕಿಸಿ. ಹುಲಿವೇಷದ ತಾಸೆ ವಾದ್ಯದವರಿಗೆ ಕೊಡುವಂತೆಯೇ ಸಂಭಾವನೆಯನ್ನು ಮೊದಲೇ ಮಾತಾಡಿ. ಏನು ತೋರಿಸಬೇಕು, ಯಾವ ಬಟ್ಟೆ ತೊಡಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ಬಿದಿರು, ಕಾಡುಬಳ್ಳಿಯ ಬುಟ್ಟಿ ಹೆಣೆಯುವವರು ಬರುವುದಾದರೆ ಮಾರಾಟಕ್ಕೊಂದು ಮಳಿಗೆ ಹಾಕಿಕೊಡಿ, ಚೌಕಾಸಿ ಮಾಡಬೇಡಿ.

ಬರುವುದಿಲ್ಲ ಎಂದರೆ ಒತ್ತಾಯ ಬೇಡ. ನಿಮ್ಮಲ್ಲಿ ಹುಲಿವೇಷ ಹೇಗೂ ಇದೆಯಲ್ಲ.