ಮೂರು ವಾರದ ಲ್ಯಾಪ್‌ಟಾಪ್ ಆಫ್ ಆಗ್ತಾನೇ ಇದೆ, ಫಾರ್ಮ್ಯಾಟ್ ಮಾಡಿಸಲೇ?

ಪ್ರಶ್ನೆ: ಮಗಳು ಎಂಜಿನಿಯರಿಂಗ್ ಸೇರಿದ್ದಾಳೆ. ಮೂರು ವಾರದ ಹಿಂದೆ ಹೊಸ ಲ್ಯಾಪ್‌ಟಾಪ್ ಕೊಡಿಸಿದೆ, ವಿಂಡೋಸ್ 11 ಇದೆ. 8 ಜಿಬಿ ರ‍್ಯಾಮ್ ಸಾಲಲ್ಲ ಅಂತ ಅಂಗಡಿಯವರೇ ಇನ್ನೊಂದು 8 ಜಿಬಿ ಹಾಕಿಕೊಟ್ಟರು. ಮೊದಲ ವಾರ ಚೆನ್ನಾಗಿತ್ತು. ಈಗ ದಿನಕ್ಕೆ ಎರಡು ಮೂರು ಸಲ ಪರದೆ ತಟ್ಟನೆ ಕಪ್ಪಾಗಿ ಆಫ್ ಆಗುತ್ತದೆ. ಕೆಲವು ಸಲ ತಾನೇ ಮತ್ತೆ ಆನ್ ಆಗುತ್ತದೆ. ಚಾರ್ಜ್ ಅರ್ಧಕ್ಕಿಂತ ಜಾಸ್ತಿ ಇದ್ದಾಗಲೂ ಹೀಗೇ. ಮುಟ್ಟಿದರೆ ಬಿಸಿಯೇನೂ ಇರುವುದಿಲ್ಲ. ‘ವಿಂಡೋಸ್ ಪ್ರಾಬ್ಲಂ, ಫಾರ್ಮ್ಯಾಟ್ ಮಾಡಿಸಿ’ ಅಂತಾರೆ ಅಂಗಡಿಯವರು. ಮಾಡಿಸಲೇ?
– ತಿಪಟೂರಿನ ಓದುಗರು

ಉತ್ತರ: ಈಗಲೇ ಬೇಡ. ಫಾರ್ಮ್ಯಾಟ್ (ಇರುವುದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು) ಅನ್ನುವುದು ಯಾವ ಕಾಯಿಲೆ ಅಂದರೂ ಅದೇ ಬಿಳಿ ಮಾತ್ರೆ ಕೊಟ್ಟು ಕಳಿಸಿದ ಹಾಗೆ. ಒಮ್ಮೊಮ್ಮೆ ವಾಸಿಯಾಗುತ್ತದೆ, ಯಾಕೆ ವಾಸಿಯಾಯಿತು ಅಂತ ಕೊಟ್ಟವರಿಗೂ ಗೊತ್ತಿರುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಸಾಲೇ ಬೇರೆ. ‘ಅಂಗಡಿಯವರೇ ಇನ್ನೊಂದು 8 ಜಿಬಿ ಹಾಕಿಕೊಟ್ಟರು’ ಎಂದಿದ್ದೀರಲ್ಲ, ಅದು. ಕಂಪನಿಯಿಂದ ಬಂದ ಡಬ್ಬದಲ್ಲಿ ಇಲ್ಲದ ಒಂದೇ ವಸ್ತು ಆ ರ‍್ಯಾಮ್ ಪಟ್ಟಿ. ಲ್ಯಾಪ್‌ಟಾಪ್ ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪು ಅದು. ನನ್ನ ಮೊದಲ ಅನುಮಾನ ಅದರ ಮೇಲೇ. ಆದರೆ ಅನುಮಾನ ಇದೆ ಅಂತ ನೇರವಾಗಿ ಅದಕ್ಕೇ ಕೈ ಹಾಕುವುದು ಬೇಡ. ಲ್ಯಾಪ್‌ಟಾಪ್ ‘ಹೇಗೆ’ ಆಫ್ ಆಗುತ್ತಿದೆ ಅಂತ ಮೊದಲು ನೋಡಿಕೊಳ್ಳೋಣ.

ಮುಂದಿನ ಸಲ ಪರದೆ ಕಪ್ಪಾದಾಗ ಪವರ್ ಬಟನ್ ಒತ್ತಿ ಗಮನಿಸಿ. ಮೊದಲು ತೆರೆದಿದ್ದ ಪುಟಗಳೆಲ್ಲ ಹಾಗೇ ಇದ್ದರೆ ಅದು ಆಫ್ ಆಗಿದ್ದಲ್ಲ, ನಿದ್ದೆಗೆ ಜಾರಿದ್ದು. ಕಂಪನಿಯ ಲೋಗೋ ಬಂದು ಎಲ್ಲ ಹೊಸದಾಗಿ ಶುರುವಾದರೆ ಮಾತ್ರ ನಿಜವಾಗಿ ಆಫ್ ಆಗಿದೆ. ಈ ವ್ಯತ್ಯಾಸ ಚಿಕ್ಕದಲ್ಲ. ನನ್ನ ತಂಗಿಯ ಮಗಳ ಲ್ಯಾಪ್‌ಟಾಪ್ ‘ಸಂಜೆ ಮಾತ್ರ ಆಫ್ ಆಗುತ್ತೆ ಮಾಮ’ ಅಂತ ಬಂದಿತ್ತು. ಮೂರು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಅವಳ ಫೋನಿನ ಕವರ್! ಅದರ ಮುಚ್ಚಳದಲ್ಲಿ ಅಯಸ್ಕಾಂತ ಇತ್ತು, ಓದುವಾಗ ಅದನ್ನು ಕೀಬೋರ್ಡಿನ ಪಕ್ಕ ಇಡುತ್ತಿದ್ದಳು. ಮುಚ್ಚಳ ಮುಚ್ಚಿದೆಯೋ ತೆರೆದಿದೆಯೋ ಅಂತ ತಿಳಿಯಲು ಲ್ಯಾಪ್‌ಟಾಪ್‌ನಲ್ಲಿ ಅಯಸ್ಕಾಂತ ಗುರುತಿಸುವ ಒಂದು ಸೆನ್ಸರ್ ಇರುತ್ತದೆ. ಅದು ಮೋಸ ಹೋಗಿ ‘ಮುಚ್ಚಿದರು’ ಅಂತ ಮಲಗಿಬಿಡುತ್ತಿತ್ತು. ಅಯಸ್ಕಾಂತದ ಕೊಂಡಿ ಇರುವ ವಾಚ್ ಪಟ್ಟಿಯೂ ಇದೇ ಕಿತಾಪತಿ ಮಾಡಬಲ್ಲದು.

ನಿಮ್ಮದು ತಾನೇ ಮತ್ತೆ ಆನ್ ಆಗುತ್ತದೆ ಎಂದಿದ್ದೀರಿ. ಆಗ ಕಂಪನಿಯ ಲೋಗೋ ಬರುತ್ತಿದ್ದರೆ ನಿದ್ದೆಯ ಕಥೆ ಇರಲಾರದು. ಈಗ ಲ್ಯಾಪ್‌ಟಾಪ್‌ನ ಡೈರಿ ತೆಗೆಯೋಣ. ಸ್ಟಾರ್ಟ್ ಒತ್ತಿ, ‘ರಿಲಯಬಿಲಿಟಿ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಅಂತ ಬರುತ್ತದೆ. ಅದರಲ್ಲಿ ದಿನಕ್ಕೊಂದು ಕಂಬ ಇರುತ್ತದೆ. ಎಡವಟ್ಟಾದ ದಿನಗಳಲ್ಲಿ ಕೆಂಪು ಗುಣಾಕಾರ ಚಿಹ್ನೆ. ಕೆಂಪು ಶುರುವಾದ ದಿನ ಯಾವುದು, ಅದರ ಹಿಂದಿನ ದಿನ ಏನಾದರೂ ಹೊಸ ಸಾಫ್ಟ್‌ವೇರ್ ಅಥವಾ ಅಪ್‌ಡೇಟ್ ಬಂದಿತ್ತಾ ಅಂತ ಅಲ್ಲೇ ಕಾಣುತ್ತದೆ.

ಇನ್ನೂ ಒಳಗೆ ಹೋಗಬೇಕೆಂದರೆ ‘ಈವೆಂಟ್ ವ್ಯೂವರ್’ ತೆರೆದು, ವಿಂಡೋಸ್ ಲಾಗ್ಸ್‌ನಲ್ಲಿ ಸಿಸ್ಟಮ್ ನೋಡಿ. ಅಲ್ಲಿ ಸಾವಿರ ಸಾಲು ಇರುತ್ತವೆ, ಗಾಬರಿ ಬೇಡ. ಆಫ್ ಆದ ಹೊತ್ತಿನ ಆಸುಪಾಸು ಮೂರು ಸಂಖ್ಯೆ ಹುಡುಕಿದರೆ ಸಾಕು. 1074 ಕಂಡರೆ ಯಾವುದೋ ಪ್ರೋಗ್ರಾಂ ಅಥವಾ ವಿಂಡೋಸ್ ಅಪ್‌ಡೇಟ್ ಕೇಳಿಯೇ ಆಫ್ ಮಾಡಿಸಿದೆ, ಹೆಸರೂ ಅಲ್ಲೇ ಇರುತ್ತದೆ. 6008 ಕಂಡರೆ ಹಿಂದಿನ ಸಲ ಹೇಳದೆ ಕೇಳದೆ ಆಫ್ ಆಗಿತ್ತು ಎಂದರ್ಥ. ಕರ್ನಲ್-ಪವರ್ 41 ಕಂಡರೂ ಅದೇ. ಈ 41 ನೋಡಿ ‘ಪವರ್ ಅಂತ ಇದೆ, ಚಾರ್ಜರ್ ಹೋಗಿದೆ’ ಎಂದು ಹೊಸ ಚಾರ್ಜರ್ ಕೊಂಡವರನ್ನು ನೋಡಿದ್ದೇನೆ. ಊರಿಂದ ವಾಪಸ್ ಬಂದಾಗ ಕರೆಂಟಿನ ಗಡಿಯಾರ 12:00 ಅಂತ ಮಿನುಗುತ್ತಿದ್ದರೆ ಕರೆಂಟು ಹೋಗಿತ್ತು ಅಂತ ಗೊತ್ತಾಗುತ್ತದೆ. ಯಾಕೆ ಹೋಯಿತು ಅಂತ ಗಡಿಯಾರ ಹೇಳುವುದಿಲ್ಲ. 41 ಕೂಡ ಅಷ್ಟೇ, ಮತ್ತೆ ಆನ್ ಆದ ಮೇಲೆ ಬರೆದಿಟ್ಟ ಟಿಪ್ಪಣಿ.

ಆದರೆ ಆ ಟಿಪ್ಪಣಿಯ ಡೀಟೇಲ್ಸ್ ಒಳಗೆ ‘ಬಗ್‌ಚೆಕ್‌ಕೋಡ್’ ಎಂಬ ಸಾಲಿದೆ, ಅದು ಉಪಯೋಗಕ್ಕೆ ಬರುತ್ತದೆ. ಅಲ್ಲಿ ಸೊನ್ನೆ ಇದ್ದರೆ ಸಾಮಾನ್ಯವಾಗಿ ಕರೆಂಟು ತಪ್ಪಿದೆ, ಇಲ್ಲವೇ ಯಂತ್ರ ಹಾಗೇ ಮರಗಟ್ಟಿದೆ. ಬೇರೆ ಸಂಖ್ಯೆ ಇದ್ದರೆ ವಿಂಡೋಸ್ ಏನೋ ದೊಡ್ಡ ತಪ್ಪು ಕಂಡು ತಾನೇ ನಿಲ್ಲಿಸಿದೆ. ಹಳಬರು ‘ಬ್ಲೂ ಸ್ಕ್ರೀನ್’ ಅನ್ನುತ್ತಿದ್ದರಲ್ಲ, ಅದೇ. 2025ರಲ್ಲಿ ಮೈಕ್ರೋಸಾಫ್ಟ್ ಆ ನೀಲಿ ಪರದೆಯನ್ನೇ ಕಪ್ಪು ಮಾಡಿತು. ನೀವು ಹೇಳುವ ‘ತಟ್ಟನೆ ಕಪ್ಪಾಗಿ ತಾನೇ ಆನ್ ಆಗುತ್ತೆ’ ಅನ್ನುವುದು ಇದೇ ಇರಬಹುದು. ಅದರ ಮೇಲಿನ ಅಕ್ಷರ ಓದುವಷ್ಟರಲ್ಲಿ ಮಾಯವಾಗುತ್ತದೆ, ಹಾಗಾಗಿ ಸುಮ್ನೆ ಆಫ್ ಆದಂತೆ ಕಾಣುತ್ತದೆ. ‘ಸ್ಟಾರ್ಟಪ್ ಅಂಡ್ ರಿಕವರಿ’ ಸೆಟ್ಟಿಂಗ್‌ನಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆದರೆ ಪರದೆ ನಿಲ್ಲುತ್ತದೆ. ಆಗ ಫೋಟೊ ಹೊಡೆದುಕೊಳ್ಳಿ.

ಈಗ ರ‍್ಯಾಮ್‌ಗೆ ಬರೋಣ. ಈ ಪಟ್ಟಿಯನ್ನು ಸ್ಲಾಟಿಗೆ ಓರೆಯಾಗಿ ತಳ್ಳಿ, ಆಮೇಲೆ ಕೆಳಗೆ ಒತ್ತಬೇಕು. ಎರಡೂ ಬದಿಯ ಕ್ಲಿಪ್ ‘ಟಕ್’ ಎಂದು ಕೂರಬೇಕು. ಅರ್ಧಂಬರ್ಧ ಕೂತರೂ ಲ್ಯಾಪ್‌ಟಾಪ್ ಒಮ್ಮೊಮ್ಮೆ ಆನ್ ಆಗಿಬಿಡುತ್ತದೆ, ಅದೇ ತೊಂದರೆ. ಆಮೇಲೆ ಕಾಲೇಜಿನ ಬಸ್ಸಿನಲ್ಲಿ ಬ್ಯಾಗಿನೊಳಗೆ ಕುಲುಕಿ, ಬಿಸಿಯಾಗಿ ತಣ್ಣಗಾಗಿ, ಸಂಪರ್ಕ ಸಡಿಲವಾಗುತ್ತದೆ. ಮೊದಲ ವಾರ ಚೆನ್ನಾಗಿದ್ದು ಆಮೇಲೆ ಕೆಟ್ಟಿತು ಎಂಬ ನಿಮ್ಮ ಮಾತಿಗೆ ಇದು ಹೊಂದುತ್ತದೆ. ಪಟ್ಟಿಯೇ ದೋಷದ್ದೂ ಇರಬಹುದು. ಸ್ಟಾರ್ಟ್‌ನಲ್ಲಿ ಹುಡುಕಿದರೆ ‘ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್’ ಸಿಗುತ್ತದೆ, ರಾತ್ರಿ ಊಟಕ್ಕೆ ಕೂರುವ ಮುಂಚೆ ಓಡಲು ಬಿಡಿ. ಅದರಲ್ಲಿ ತಪ್ಪು ತೋರಿಸಿದರೆ ಖಚಿತ. ತೋರಿಸದಿದ್ದರೆ ರ‍್ಯಾಮ್ ಸರಿ ಇದೆ ಅಂತ ಅಲ್ಲ, ಸಿಕ್ಕಿಬೀಳಲಿಲ್ಲ ಅಷ್ಟೇ.

ಎಲ್ಲಕ್ಕಿಂತ ಒಳ್ಳೆ ಪರೀಕ್ಷೆ ಇನ್ನೊಂದಿದೆ. ಅಂಗಡಿಗೆ ಹೋಗಿ, ‘ನೀವು ಹಾಕಿದ ಪಟ್ಟಿ ತೆಗೆದುಕೊಡಿ, ನಾಲ್ಕು ದಿನ 8 ಜಿಬಿಯಲ್ಲೇ ನೋಡ್ತೀವಿ’ ಎನ್ನಿ. ಮುಚ್ಚಳ ನೀವೇ ಬಿಚ್ಚಬೇಡಿ, ಅವರೇ ಬಿಚ್ಚಲಿ. ನಾಲ್ಕು ದಿನ ಆಫ್ ಆಗದಿದ್ದರೆ ಕಳ್ಳ ಸಿಕ್ಕ. ಬೇರೆ ಪಟ್ಟಿ ಹಾಕಿಸಿ. ಇನ್ನೊಂದು ಮಾತು: ಲ್ಯಾಪ್‌ಟಾಪ್ ಕಂಪನಿಯ ವಾರಂಟಿ ಹೊರಗಿನ ರ‍್ಯಾಮ್‌ಗೆ ಇರುವುದಿಲ್ಲ. ರ‍್ಯಾಮ್‌ಗೆ ಅದರದ್ದೇ ವಾರಂಟಿ ಇರುತ್ತದೆ, ಆದ್ದರಿಂದ ಬಿಲ್ಲಿನಲ್ಲಿ ಅದು ಬೇರೆಯಾಗಿ ನಮೂದಾಗಿದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಈಗಲೇ ಬರೆಸಿಕೊಳ್ಳಿ.

ಪಟ್ಟಿ ತೆಗೆದ ಮೇಲೂ ಆಫ್ ಆದರೆ? ಒಂದು ಸಂಜೆ ಬರೀ ಬ್ಯಾಟರಿಯಲ್ಲಿ ಓಡಿಸಿ. ಇನ್ನೊಂದು ಸಂಜೆ ಚಾರ್ಜರ್ ಹಾಕಿ, ಅದೂ ಸಾಧ್ಯವಾದರೆ ಬೇರೆಯವರ ಮನೆಯ ಪ್ಲಗ್ಗಿನಲ್ಲಿ. ಬ್ಯಾಟರಿಯಲ್ಲಿದ್ದಾಗ ಮಾತ್ರ ಆಫ್ ಆದರೆ ಬ್ಯಾಟರಿ. ಚಾರ್ಜರ್ ಹಾಕುವ, ತೆಗೆಯುವ ಕ್ಷಣಕ್ಕೇ ಆದರೆ ಚಾರ್ಜರ್ ಅಥವಾ ಚಾರ್ಜಿಂಗ್ ಭಾಗ. ಮನೆಯ ವೋಲ್ಟೇಜ್ ಏರಿಳಿತವನ್ನು ಎಲ್ಲರೂ ಮೊದಲು ದೂರುತ್ತಾರೆ. ಆದರೆ ಅಡಾಪ್ಟರ್ ಮೇಲೆ ನೋಡಿ, 100–240 ವೋಲ್ಟ್ ಅಂತ ಬರೆದಿರುತ್ತದೆ. ಕರೆಂಟೇ ಹೋದರೂ ಬ್ಯಾಟರಿ ಇದೆಯಲ್ಲ, ಸರಿ ಇರುವ ಲ್ಯಾಪ್‌ಟಾಪ್ ಅದಕ್ಕೆಲ್ಲ ಆಫ್ ಆಗಬಾರದು.

ಅಂಗಡಿಯವರು ಆಗಲೂ ‘ವಿಂಡೋಸ್’ ಅಂತಲೇ ಹಟ ಹಿಡಿದರೆ ಒಂದು ಉಪಾಯ. ಆನ್ ಆಗುವಾಗ ಎಫ್2 ಅಥವಾ ಡಿಲೀಟ್ ಒತ್ತಿದರೆ ಬಯಾಸ್ ಪರದೆ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪರದೆ) ಬರುತ್ತದೆ, ಒತ್ತುವ ಕೀಲಿ ಕಂಪನಿಯಿಂದ ಕಂಪನಿಗೆ ಬೇರೆ. ಅಲ್ಲಿ ವಿಂಡೋಸ್ ಇನ್ನೂ ಶುರುವೇ ಆಗಿರುವುದಿಲ್ಲ. ಅರ್ಧ ಗಂಟೆ ಹಾಗೇ ಬಿಟ್ಟು ಫೋನಿನಲ್ಲಿ ವಿಡಿಯೊ ಮಾಡಿ. ಅಲ್ಲೂ ಆಫ್ ಆದರೆ ವಿಂಡೋಸ್ ಮೇಲೆ ಗೂಬೆ ಕೂರಿಸಲು ಆಗುವುದಿಲ್ಲ.

ರಿಪೇರಿಗೆ ಕೊಡುವ ಮುಂಚೆ ಮಗಳ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಸಿ. ಜೊತೆಗೆ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇದನ್ನು ಜನ ಮರೆಯುತ್ತಾರೆ, ಆಮೇಲೆ ಅಳುತ್ತಾರೆ. ಮೈಕ್ರೋಸಾಫ್ಟ್ ಖಾತೆ ಹಾಕಿ ಶುರು ಮಾಡಿದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ತಾನಾಗಿಯೇ ಬಿದ್ದಿರುತ್ತದೆ. ಸರ್ವಿಸ್ ಸೆಂಟರಿನಲ್ಲಿ ಮದರ್‌ಬೋರ್ಡ್ ಬದಲಿಸಿದರೆ ಅದು 48 ಅಂಕಿಯ ಕೀ ಕೇಳುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯೊಳಗೆ ಇರುತ್ತದೆ. ಆ ಖಾತೆ ಅಂಗಡಿಯ ಹುಡುಗ ತನ್ನ ಮೇಲ್ ಹಾಕಿ ಮಾಡಿಕೊಟ್ಟಿದ್ದಲ್ಲ ತಾನೆ? ಅದನ್ನೂ ಒಮ್ಮೆ ನೋಡಿಬಿಡಿ.

ಪ್ರಶ್ನೆ: ಎರಡು ತಿಂಗಳ ಹಿಂದೆ ಗೇಮಿಂಗ್ ಲ್ಯಾಪ್‌ಟಾಪ್ ಕೊಂಡೆ. ಮಧ್ಯಾಹ್ನ ಆಡಲು ಕೂತರೆ ಇಪ್ಪತ್ತು ನಿಮಿಷಕ್ಕೆ ಆಫ್. ಫ್ಯಾನ್ ಹೆಲಿಕಾಪ್ಟರ್ ಥರ ಸದ್ದು ಮಾಡುತ್ತದೆ. ಹಾಸ್ಟೆಲ್ ಕೋಣೆಯಲ್ಲಿ ಟೇಬಲ್ ಇಲ್ಲ, ಹಾಸಿಗೆ ಮೇಲೇ ಇಟ್ಟು ಆಡುತ್ತೇನೆ.
– ರಾಯಚೂರಿನ ಓದುಗರು

ಉತ್ತರ: ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ, ಅಲ್ವಾ? ಗಾಳಿ ಎಳೆದುಕೊಳ್ಳುವ ಕಿಂಡಿ ಸಾಮಾನ್ಯವಾಗಿ ಲ್ಯಾಪ್‌ಟಾಪ್‌ನ ತಳದಲ್ಲಿರುತ್ತದೆ. ಹಾಸಿಗೆ ಮೇಲಿಟ್ಟರೆ ಅದರ ಮೂಗು ಮುಚ್ಚಿದಂತೆ. ಮೇಲಿಂದ ರಾಯಚೂರಿನ ಬಿಸಿಲು. ಹೆಚ್ಚಿನ ಲ್ಯಾಪ್‌ಟಾಪ್ ಕೈಪಿಡಿಗಳು ಸುಮಾರು 35 ಡಿಗ್ರಿವರೆಗಿನ ಕೋಣೆಯ ಲೆಕ್ಕದಲ್ಲಿ ಬರೆದವು. ನಿಮ್ಮ ಕಡೆ ಏಪ್ರಿಲ್‌ನಲ್ಲಿ 40 ದಾಟುವುದು ಮಾಮೂಲಿ.

ಪ್ರೊಸೆಸರ್ 100 ಡಿಗ್ರಿ ಹತ್ತಿರ ಬಂದಾಗ ಮೊದಲು ತಾನೇ ನಿಧಾನವಾಗುತ್ತದೆ, ಗೇಮ್ ತೊದಲತೊಡಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗದಿರಲಿ ಅಂತ ಆಫ್ ಆಗುತ್ತದೆ. ಆಫ್ ಆದ ತಕ್ಷಣ ಆನ್ ಮಾಡಿದರೆ ಐದೇ ನಿಮಿಷಕ್ಕೆ ಮತ್ತೆ ಆಫ್, ಅರ್ಧ ಗಂಟೆ ಬಿಟ್ಟು ಆನ್ ಮಾಡಿದರೆ ಜಾಸ್ತಿ ಹೊತ್ತು ಓಡುತ್ತದೆ ಅಂದರೆ ಬಿಸಿಯೇ ಕಾರಣ ಎಂದುಕೊಳ್ಳಿ.

ಒಂದು ಮರದ ಹಲಗೆ ತನ್ನಿ. ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸಿ, ಕಿಂಡಿಗೆ ಅಡ್ಡ ಬರದ ಹಾಗೆ. ಸಂಜೆಯ ಮೇಲೆ ಆಡಿ. ಅಡಿಯಲ್ಲಿ ಐಸ್ ಇಡುವವರೂ ಇದ್ದಾರೆ, ಆ ಹುಚ್ಚು ಬೇಡ, ಒಳಗೆ ನೀರು ಬೆವರುತ್ತದೆ. ಜೊತೆಗೆ, ಗೆಳೆಯನ ಸಣ್ಣ ಚಾರ್ಜರ್ ಹಾಕಿಕೊಂಡು ಆಡುತ್ತಿಲ್ಲ ತಾನೆ? ಗೇಮಿಂಗ್ ಲ್ಯಾಪ್‌ಟಾಪ್ ಕೇಳುವಷ್ಟು ಶಕ್ತಿಯನ್ನು 65 ವ್ಯಾಟಿನ ಚಾರ್ಜರ್ ಕೊಡಲಾರದು. ಟೇಬಲ್ ಮೇಲೆ, ತಂಪು ಹೊತ್ತಿನಲ್ಲಿ, ಅದರದ್ದೇ ಚಾರ್ಜರಿನಲ್ಲೂ ಆಫ್ ಆದರೆ ಆಗ ಸರ್ವಿಸ್ ಸೆಂಟರಿಗೆ ಹೋಗಿ. ಒಳಗೆ ಬಿಸಿ ಸಾಗಿಸುವ ತಾಮ್ರದ ಪಟ್ಟಿ ಸರಿಯಾಗಿ ಕೂತಿರಲಿಕ್ಕಿಲ್ಲ, ಹೊಸದರಲ್ಲೂ ಹಾಗಾಗುವುದುಂಟು.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕೊಂಡ ಲ್ಯಾಪ್‌ಟಾಪ್ ಹತ್ತನೇ ದಿನ ಆಫ್ ಆಗಲು ಶುರುವಾಯಿತು. ‘ಏಳು ದಿನದ ರಿಪ್ಲೇಸ್‌ಮೆಂಟ್ ಮುಗಿದಿದೆ’ ಎಂದು ಮಾರಿದವರು ಕೈ ತೊಳೆದುಕೊಂಡರು. ಸರ್ವಿಸ್ ಸೆಂಟರಿಗೆ ಮೂರು ಸಲ ಹೋಗಿ ಬಂದೆ, ಪ್ರತಿ ಸಲ ‘ಇಲ್ಲಿ ಆಫ್ ಆಗ್ಲಿಲ್ಲ’ ಅಂತ ವಾಪಸ್. ಮುಂದೇನು?
– ಬೆಂಗಳೂರಿನ ಓದುಗರು

ಉತ್ತರ: ಏಳು ದಿನ ಅನ್ನುವುದು ಅವರ ಬದಲಾವಣೆಯ ನಿಯಮ. ವಾರಂಟಿಯೂ ನಿಮ್ಮ ಹಕ್ಕೂ ಏಳು ದಿನಕ್ಕೆ ಮುಗಿಯುವುದಿಲ್ಲ.

‘ಇಲ್ಲಿ ಆಫ್ ಆಗ್ಲಿಲ್ಲ’ ಎಂಬ ಮಾತಿಗೆ ವಿಡಿಯೊ ಒಂದೇ ಮದ್ದು. ಮೇಲೆ ತಿಪಟೂರಿನವರಿಗೆ ಹೇಳಿದ ಡೈರಿಯ ಫೋಟೊಗಳು, ದಿನಾಂಕ ಕಾಣುವ ಹಾಗೆ, ಕೈಲಿ ಹಿಡಿದು ಹೋಗಿ. ಪ್ರತಿ ಸಲವೂ ಜಾಬ್ ಶೀಟ್ (ರಿಪೇರಿಗೆ ಕೊಟ್ಟಾಗ ಅವರು ಬರೆದುಕೊಡುವ ಚೀಟಿ) ತೆಗೆದುಕೊಳ್ಳಿ. ಅದರಲ್ಲಿ ‘ಜನರಲ್ ಚೆಕಪ್’ ಅಂತ ಗೀಚಲು ಬಿಡಬೇಡಿ, ‘ತಾನೇ ಆಫ್ ಆಗುತ್ತದೆ’ ಎಂದೇ ಬರೆಸಿ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

ಆಮೇಲೆ ಮಾರಿದ ತಾಣದ ದೂರು ಅಧಿಕಾರಿಗೆ ಮೇಲ್ ಹಾಕಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಅದರ ಜೊತೆಗೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಸಹಾಯವಾಣಿ ತೀರ್ಪು ಕೊಡುವುದಿಲ್ಲ, ಆದರೆ ಕಂಪನಿಗಳು ಅಲ್ಲಿಂದ ಬಂದ ಪತ್ರಕ್ಕೆ ಸ್ವಲ್ಪ ಬೇಗ ಎಚ್ಚರಾಗುತ್ತವೆ.

ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವಿರುವ ಊರಲ್ಲೇ ದೂರು ಕೊಡಬಹುದು, ಮಾರಿದವರು ದೆಹಲಿಯಲ್ಲಿದ್ದರೂ ಸರಿ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ತೊಂದರೆ ಶುರುವಾದಾಗಿನಿಂದ ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ. ನನ್ನ ಸಲಹೆ ಕೇಳಿದರೆ, ಆಯೋಗಕ್ಕೆ ಹೋಗುವ ಮುಂಚೆ ಒಂದು ಲಿಖಿತ ನೋಟಿಸ್ ಕಳಿಸಿ, 15 ದಿನ ಗಡುವು ಕೊಡಿ. ಬಹಳ ಸಲ ಅಲ್ಲಿಗೇ ಇತ್ಯರ್ಥವಾಗುತ್ತದೆ.

ಜಾಬ್ ಶೀಟು, ರಸೀದಿಗಳನ್ನು ಈಗಲೇ ಫೋಟೊ ತೆಗೆದಿಡಿ. ಆ ನುಣುಪು ಕಾಗದದ ರಸೀದಿಗಳಲ್ಲಿ ಅಕ್ಷರ ಕೆಲವೇ ತಿಂಗಳಿಗೆ ಮಾಸಿಹೋಗುತ್ತದೆ.