ಕೆರೆಯ ವಿಷಪಾಚಿ ತಿಂದ ಡಾಫ್ನಿಯಾ ಎಷ್ಟು ದಿನಕ್ಕೆ ಸಾಯುತ್ತೆ? ಪ್ರಾಜೆಕ್ಟ್‌ಗೆ ಡಾಫ್ನಿಯಾ ತಗೊಳ್ಳಲಾ, ಮೊಯಿನಾ ತಗೊಳ್ಳಲಾ?

ಎರಡೂ ಪಾಚಿ ಸೋಸಿ ತಿನ್ನೋ ಪುಟ್ಟ ನೀರುಚಿಗಟಗಳೇ, ಯಾವ ಪ್ರಾಣಿ ಅನ್ನೋದು ಆಮೇಲೆ. "ಎಷ್ಟು ದಿನಕ್ಕೆ ಸಾಯುತ್ತೆ" ಅಂತ ಓದುತ್ತಲೇ ನನ್ನ ಎಂ.ಎಸ್ಸಿ. ವೈವಾ ನೆನಪಾಗಿ ಹೊಟ್ಟೆ ಕಿವುಚಿದ ಹಾಗಾಯ್ತು.

ನಾನು ಕೋಲಾರದ ಕಡೆಯವನು. ಆ ಬೇಸಿಗೆಯಲ್ಲಿ ನಮ್ಮೂರ ಕೆರೆಯ ತೂಬಿನ ಮೂಲೆಗೆ ಗಾಳಿ ತಳ್ಳಿಕೊಂಡು ಬಂದಿದ್ದ ಮೈಕ್ರೋಸಿಸ್ಟಿಸ್ ಅನ್ನೋ ನೀಲಿ-ಹಸಿರು ಪಾಚಿ, ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆಗಟ್ಟಿತ್ತು. ಒಂದು ಬಿಂದಿಗೆ ತುಂಬಿಕೊಂಡು ಬಂದೆ. ಡಾಫ್ನಿಯಾ ತಂದಿದ್ದು ಅಕ್ವೇರಿಯಂ ಅಂಗಡಿಯಿಂದ. ಹತ್ತು ಲೋಟಕ್ಕೆ ಕೆರೆ ಪಾಚಿ, ಹತ್ತಕ್ಕೆ ಕ್ಲೋರೆಲ್ಲಾ, ಅಂದರೆ ಡಾಫ್ನಿಯಾಗೆ ಒಳ್ಳೆ ಊಟವಾಗೋ ಹಸಿರು ಪಾಚಿ. ಆರನೇ ದಿನಕ್ಕೆ ಪಾಚಿ ಲೋಟದವೆಲ್ಲ ಸತ್ತು ತಳ ಸೇರಿದ್ದವು, ಕ್ಲೋರೆಲ್ಲಾದವು ಮರಿ ಹಾಕಿಕೊಂಡು ಕುಣೀತಿದ್ದವು. "ಮೈಕ್ರೋಸಿಸ್ಟಿನ್ ವಿಷದಿಂದ ಸಾವು", ಅಂದರೆ ಆ ಮೈಕ್ರೋಸಿಸ್ಟಿಸ್ ಮಾಡೋ ವಿಷದಿಂದ ಅಂತ ಬರೆದು ಬೈಂಡ್ ಮಾಡಿಸಿಬಿಟ್ಟೆ.

ವೈವಾಗೆ ಬಂದಿದ್ದ ಮೇಷ್ಟ್ರು ಕೇಳಿದ್ದು ಒಂದೇ: "ಏನೂ ಹಾಕದೆ ಬರೀ ನೀರಲ್ಲಿ ಬಿಟ್ಟಿದ್ರೆ ಎಷ್ಟು ದಿನ ಬದುಕ್ತಿತ್ತಪ್ಪ?"

ಆ ಲೋಟವನ್ನೇ ನಾನು ಇಟ್ಟಿರಲಿಲ್ಲ. ಆಮೇಲೆ ಹಟಕ್ಕೆ ಬಿದ್ದು ಇಟ್ಟೆ. ಅವೂ ಆರೇಳು ದಿನಕ್ಕೆ ಸತ್ತವು! ವಿಷಕ್ಕೆ ಸತ್ತವೋ ಹಸಿವಿಗೆ ಸತ್ತವೋ, ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಮೈಕ್ರೋಸ್ಕೋಪಲ್ಲಿ ನೋಡಿದ್ದರೂ ಗೊತ್ತಾಗೋದು. ಕ್ಲೋರೆಲ್ಲಾ ತಿಂದದ್ದರ ಕರುಳು ಹಸಿರು ದಾರದ ಹಾಗೆ ಮೈಯೊಳಗೆ ಕಾಣುತ್ತೆ, ಪಾಚಿ ಲೋಟದ್ದರಲ್ಲಿ ಅದು ಬಿಳಿಚಿಕೊಂಡಿರುತ್ತಿತ್ತು. ಮೈಕ್ರೋಸಿಸ್ಟಿಸ್ ಲೋಳೆಯಲ್ಲಿ ಗುಂಪು ಕಟ್ಟಿಕೊಂಡು ಬಾಯಿಗೆ ಹಿಡಿಸದಷ್ಟು ದಪ್ಪ ಆಗಿರುತ್ತೆ. ಸಿಕ್ಕಿಕೊಂಡ ಉಂಡೆಯನ್ನ ಡಾಫ್ನಿಯಾ ಹೊಟ್ಟೆಯ ತುದಿಯ ಉಗುರಿಂದ ಕೆರೆದು ಎಸೆಯುತ್ತೆ, ಜೊತೆಗಿದ್ದ ಒಳ್ಳೆ ಊಟಾನೂ ಹೋಗುತ್ತೆ. ನುಂಗಿದರೂ ಮೈಗೆ ಹತ್ತಲ್ಲ, ಬೆಳೆಯೋಕೆ ಬೇಕಾದ ಸ್ಟೆರಾಲ್ ಅನ್ನೋ ಕೊಬ್ಬಿನಂಥ ಅಂಶ ಅದರಲ್ಲಿಲ್ಲ. ಮೈಕ್ರೋಸಿಸ್ಟಿನ್ ಮಾಡದ ತಳಿಗಳೂ ಇವೆ. ನನ್ನ ಬಿಂದಿಗೆಯಲ್ಲಿ ಯಾವುದಿತ್ತೋ, ಅಳೆದೇ ಇರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಕ್ಲೋರೆಲ್ಲಾ, ಬರೀ ನೀರು, ಪಾಚಿ, ಕ್ಲೋರೆಲ್ಲಾ ಅರ್ಧ ಪಾಚಿ ಅರ್ಧ ಬೆರೆಸಿದ ಮಿಶ್ರಣ: ನಾಲ್ಕೂ ಇಡಿ. ಬರೀ ನೀರಿನವಕ್ಕಿಂತ ಪಾಚಿಯವು ಬೇಗ ಸತ್ತರೆ ಆಗ ವಿಷದ ಮಾತಾಡಿ. ಹೆಣದ ಜೊತೆ ಮರಿಗಳನ್ನೂ ಎಣಿಸಿ, ಮಿಶ್ರಣದ ಲೋಟದಲ್ಲಿ ಮೊದಲು ಕಮ್ಮಿಯಾಗೋದು ಅವೇ.

ಪ್ರಾಣಿ ಮಾತ್ರ ಅಂಗಡಿಯದ್ದು ಬೇಡ. ಯುರೋಪಿನ ಕಾನ್‌ಸ್ಟನ್ಸ್ ಸರೋವರದ ಕೆಸರಲ್ಲಿ ಹುದುಗಿದ್ದ ಹಳೇ ಡಾಫ್ನಿಯಾ ಮೊಟ್ಟೆಗಳನ್ನ ಮರಿ ಮಾಡಿಸಿ ನೋಡಿದ ಫಲಿತಾಂಶ 1999ರಲ್ಲಿ ಬಂತು: ಪಾಚಿ ಹೆಚ್ಚಾದ ಮೇಲಿನ ತಳಿಗಳು ಅದಕ್ಕೆ ಮುಂಚಿನವಕ್ಕಿಂತ ವಿಷಪಾಚಿ ತಡೆದುಕೊಂಡವು. ಆ ಪಾಚಿಯ ಮುಖವನ್ನೇ ನೋಡದ ಅಂಗಡಿ ಡಾಫ್ನಿಯಾ ನಿಮ್ಮ ಕೆರೆಯ ಕಥೆ ಏನು ಹೇಳೀತು? ಕೆರೆಗೇ ಬಲೆ ಹಾಕಿ. ನನಗೆ ಸಿಕ್ಕಿದ್ದು ಮೊಯಿನಾ. ನಿಮಗೂ ಸಿಕ್ಕರೆ ಅದೇ ಆಗಲಿ.