ಕೆಂಪು ಚುಕ್ಕೆಯನ್ನು ನಂಬುವ ಮೊದಲು

ಮನಶ್ಶಾಸ್ತ್ರದ ವಿದ್ಯಾರ್ಥಿನಿಯೊಬ್ಬರು ಬರೆದಿದ್ದಾರೆ: “ಆಟಿಸಂ ಇರುವ ಮಕ್ಕಳು ಮುಖ ನೋಡುವುದಿಲ್ಲ ಎಂಬುದನ್ನು ಐ ಟ್ರ್ಯಾಕಿಂಗ್ ಸಾಬೀತು ಮಾಡಿದೆ. ಹತ್ತು ಹನ್ನೆರಡು ನಿಮಿಷದಲ್ಲಿ ಫಲಿತಾಂಶ ಸಿಗುವಾಗ ಪ್ರತಿ ಶಿಶುವಿಹಾರದಲ್ಲೂ ಈ ಯಂತ್ರವಿಟ್ಟು ಎಲ್ಲ ಮಕ್ಕಳನ್ನೂ ಪರೀಕ್ಷಿಸಬಾರದೇಕೆ? ನನ್ನ ಪ್ರಬಂಧದ ವಿಷಯವೂ ಇದೇ. ಯಂತ್ರಕ್ಕೆ ಪಕ್ಷಪಾತವಿಲ್ಲವಲ್ಲ?”

ನಿಮ್ಮ ಉತ್ಸಾಹಕ್ಕೆ ಕಾರಣವಿದೆ, ಒಪ್ಪಿದೆ. ಐ ಟ್ರ್ಯಾಕಿಂಗ್ ಎಂದರೆ ಪರದೆಯ ಮೇಲಿನ ದೃಶ್ಯದಲ್ಲಿ ಕಣ್ಣು ಎಲ್ಲಿ ನೋಡುತ್ತಿದೆ ಎಂದು ಯಂತ್ರ ಗುರುತಿಸುವುದು; ಆ ಜಾಗವನ್ನು ಅದು ಕೆಂಪು ಚುಕ್ಕೆಯಾಗಿ ತೋರಿಸುತ್ತದೆ. ಇನ್ನೂ ಮಾತು ಬಾರದ ಮಗುವನ್ನು ಒಂದು ಪ್ರಶ್ನೆಯನ್ನೂ ಕೇಳದೆ ಅಧ್ಯಯನ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಮುಂದೆ ಆಟಿಸಂ ಎಂದು ಗುರುತಿಸಲ್ಪಟ್ಟ ಶಿಶುಗಳು ಎರಡನೇ ತಿಂಗಳಲ್ಲಿ ಎಲ್ಲರಂತೆ ಕಣ್ಣುಗಳನ್ನು ನೋಡುತ್ತಿದ್ದು, ಎರಡರಿಂದ ಆರು ತಿಂಗಳ ನಡುವೆ ಅದು ಇಳಿಯುತ್ತಾ ಹೋಯಿತು ಎಂದು ಸಂಶೋಧಕರಾದ ಜೋನ್ಸ್ ಮತ್ತು ಕ್ಲಿನ್ 2013ರಲ್ಲಿ ತೋರಿಸಿದ್ದೂ ಇದೇ ಯಂತ್ರದಿಂದ. ಆದರೆ ನಿಮ್ಮ ಕೊನೆಯ ಪ್ರಶ್ನೆಯನ್ನು ಹಾಗೇ ಬಿಡಲು ಮನಸ್ಸಾಗುತ್ತಿಲ್ಲ.

ಯಂತ್ರ ಅಳೆಯುವುದು ಗಮನವನ್ನಲ್ಲ. ಪರದೆಯ ಕೆಳಗಿನ ದೀಪಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಚೆಲ್ಲುತ್ತವೆ. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯ, ಮೇಲೆ ಒಂದು ಹೊಳಪು ಮೂಡುತ್ತದೆ. ಆ ಹೊಳಪಿಗೂ ಪಾಪೆಯ ನಡುಬಿಂದುವಿಗೂ ಇರುವ ಅಂತರ ಕಣ್ಣು ಹೊರಳಿದಂತೆ ಬದಲಾಗುತ್ತದೆ. ಕ್ಯಾಮೆರಾಗೆ ಗೊತ್ತಿರುವುದು ಅಷ್ಟೇ. ಆ ಅಂತರವನ್ನು ಪರದೆಯ ಮೇಲಿನ ಜಾಗವಾಗಿ ಬದಲಿಸಲು ಕ್ಯಾಲಿಬ್ರೇಷನ್, ಅಂದರೆ ಗೊತ್ತಿರುವ ಬಿಂದುಗಳನ್ನು ತೋರಿಸಿ ಯಂತ್ರವನ್ನು ಹೊಂದಿಸುವುದು, ಬೇಕು: ದೊಡ್ಡವರಿಗೆ ಸಾಮಾನ್ಯವಾಗಿ 9 ಬಿಂದು, ಪುಟ್ಟ ಮಕ್ಕಳಿಗೆ 5, ಕೆಲವೊಮ್ಮೆ 2. ಬಿಂದುವಿನಲ್ಲಿ ಸದ್ದು ಮಾಡುವ ಬೊಂಬೆ ಕುಣಿಯುವಾಗ ಮಗು ಅದರ ಬಾಲ ನೋಡುತ್ತಿತ್ತೆನ್ನಿ, ಯಂತ್ರ ಆ ತಪ್ಪನ್ನೇ ಕಲಿತು ಕೊನೆಯವರೆಗೂ ಹೊತ್ತುಕೊಂಡು ಹೋಗುತ್ತದೆ.

ಇದರ ಪರಿಣಾಮ ಎಷ್ಟೆಂದು ಅಳತೆ ಹಿಡಿದು ನೋಡಿ. ಮಗು ಪರದೆಯಿಂದ 60 ಸೆಂ.ಮೀ. ದೂರ ಕೂತಿದೆ. ಅಲ್ಲಿ ನೋಟದ ಕೋನದಲ್ಲಿ 1 ಡಿಗ್ರಿ ಎಂದರೆ ಪರದೆಯ ಮೇಲೆ ಸುಮಾರು 1 ಸೆಂ.ಮೀ. ತಯಾರಕರು ಹೇಳುವ ಅರ್ಧ ಡಿಗ್ರಿ ನಿಖರತೆ ಅಲುಗಾಡದೆ ಕೂತ ದೊಡ್ಡವರದು. ಎರಡು ವರ್ಷದ ಮಗುವಿನಲ್ಲಿ ಒಂದೂವರೆ ಡಿಗ್ರಿ ತಪ್ಪು ಅಪರೂಪವೇನಲ್ಲ. ಮೂವರು ಮಾತಾಡುವ ದೃಶ್ಯದಲ್ಲಿ ಮುಖಗಳು ಚಿಕ್ಕವು, ಕಣ್ಣಿನಿಂದ ಬಾಯಿಗೆ ಒಂದೂವರೆ ಸೆಂ.ಮೀ. ಮಾತ್ರ ಎಂದುಕೊಳ್ಳಿ. ಮಗು ಕಣ್ಣನ್ನೇ ನೋಡುತ್ತಿದೆ, ಚುಕ್ಕೆ ಬಾಯಿಯ ಮೇಲೆ ಬೀಳುತ್ತಿದೆ. “ಕಣ್ಣು ತಪ್ಪಿಸುತ್ತದೆ” ಎಂಬ ವಾಕ್ಯ ಪ್ರಬಂಧಕ್ಕೆ ಹೋಯಿತು. ಆದ್ದರಿಂದ ಕ್ಯಾಲಿಬ್ರೇಷನ್ ಮುಗಿದ ಕೂಡಲೇ ಬೇರೆ ಬಿಂದುಗಳನ್ನು ತೋರಿಸಿ ತಪ್ಪೆಷ್ಟು ಎಂದು ಅಳೆಯಿರಿ, ನಡುವೆ ಇನ್ನೊಮ್ಮೆ ಅಳೆಯಿರಿ. ಕಣ್ಣು, ಬಾಯಿಗಳ ಸುತ್ತ ನೀವು ಎಳೆಯುವ ಚೌಕ ಆ ತಪ್ಪಿಗಿಂತ ಚಿಕ್ಕದಾಗಿದ್ದರೆ ಎರಡನ್ನೂ ಬೇರ್ಪಡಿಸಿ ಲೆಕ್ಕ ಹಾಕುವ ಹಕ್ಕೇ ನಿಮಗಿಲ್ಲ.

ಮಗು ಮುಂದೆ ಬಾಗಿದರೆ, ಕಣ್ಣಲ್ಲಿ ನೀರಾಡಿದರೆ, ರೆಪ್ಪೆ ಇಳಿಬಿದ್ದರೆ, ಕನ್ನಡಕ ಮಿನುಗಿದರೆ ಸಂಕೇತ ಕಡಿದುಹೋಗುತ್ತದೆ. ಬಿಸಿಲಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಕಿಟಕಿಗೆ ಪರದೆ ಬೇಕು. ತಾಯಿಯ ಮಡಿಲಲ್ಲಿ ಮಗು ಕೂತಿದ್ದರೆ ಕ್ಯಾಮೆರಾ ತಾಯಿಯ ಕಣ್ಣನ್ನು ಹಿಡಿದುಬಿಡಬಹುದು. ಆಕೆಗೆ ಕಪ್ಪು ಕನ್ನಡಕ ಕೊಡಿ. 600 ಮಿಲಿಸೆಕೆಂಡಿನ ಒಂದೇ ನೋಟದ ನಡುವೆ 50 ಮಿಲಿಸೆಕೆಂಡು ಸಂಕೇತ ತಪ್ಪಿದರೆ, ಆ ಬಿರುಕನ್ನು ತುಂಬದ ತಂತ್ರಾಂಶ ಅದನ್ನು ಎರಡು ಚುಟುಕು ನೋಟಗಳೆಂದು ಎಣಿಸುತ್ತದೆ. ಚಡಪಡಿಸಿದ್ದು ಮೈ, ವರದಿಯಲ್ಲಿ ಚಂಚಲವಾದದ್ದು ಗಮನ! ಶೇಕಡಾವಾರಿನದೂ ಇದೇ ಕಥೆ. 60 ಸೆಕೆಂಡಿನ ದೃಶ್ಯದಲ್ಲಿ ಮಗು 10 ಸೆಕೆಂಡು ಪರದೆ ನೋಡಿತು, ಅದರಲ್ಲಿ 4 ಸೆಕೆಂಡು ಕಣ್ಣುಗಳನ್ನು. ಅದು 40% ಅನ್ನುತ್ತೀರೋ, 7% ಅನ್ನುತ್ತೀರೋ? ಎರಡನ್ನೂ ಬರೆಯುವವರಿದ್ದಾರೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಕೈಬಿಟ್ಟ ಮಕ್ಕಳ ಸಂಗತಿ. ಸಾಕಷ್ಟು ಮಾಹಿತಿ ಸಿಗದ ಮಗುವನ್ನು ಲೆಕ್ಕದಿಂದ ತೆಗೆಯುವುದು ರೂಢಿ. ಹಾಗೆ ಹೊರಹೋಗುವವರು ಯಾರು? ಕುರ್ಚಿಯಲ್ಲಿ ಕೂರಲಾರದವರು, ಕೋಣೆ ಹೊಸದೆಂದು ಹೆದರಿದವರು, ನೆರವು ಎಲ್ಲರಿಗಿಂತ ಹೆಚ್ಚು ಬೇಕಾದವರು. ಉಳಿದವರ ಸರಾಸರಿಗೆ “ಆಟಿಸಂ ಇರುವ ಮಕ್ಕಳು” ಎಂದು ಹೆಸರಿಡುತ್ತೇವೆ. ಯಂತ್ರಕ್ಕೆ ಪಕ್ಷಪಾತವಿಲ್ಲದಿದ್ದರೂ ಈ ಜರಡಿಗೆ ಇದೆ.

“ಮುಖ ನೋಡುವುದಿಲ್ಲ” ಎಂದು ಇಷ್ಟು ಸಲೀಸಾಗಿ ಬರೆದಿದ್ದೀರಿ. ದಯವಿಟ್ಟು ಮೂಲಕ್ಕೆ ಹೋಗಿ ಓದಿ. 2002ರಲ್ಲಿ ಕ್ಲಿನ್ ಮತ್ತು ಸಂಗಡಿಗರು ಆಟಿಸಂ ಇರುವ 15 ಹದಿಹರೆಯದವರು ಮತ್ತು ಯುವಕರಿಗೆ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಅವರು ಕಣ್ಣುಗಳನ್ನು ಕಡಿಮೆ ನೋಡಿದ್ದು ನಿಜ. ಆದರೆ ಬಾಯಿಯನ್ನು ಹೆಚ್ಚು ನೋಡಿದವರ ಸಾಮಾಜಿಕ ಹೊಂದಾಣಿಕೆ ಉತ್ತಮವಾಗಿತ್ತು. ಮಾತು ಬರುವುದು ಬಾಯಿಂದಲೇ ತಾನೆ? 2011ರಲ್ಲಿ ಪಿಯರ್ಸ್ ತಂಡ ಒಂದು ಬದಿಗೆ ಕುಣಿಯುವ ಮಕ್ಕಳನ್ನು, ಇನ್ನೊಂದು ಬದಿಗೆ ಚಲಿಸುವ ಜ್ಯಾಮಿತಿ ಆಕಾರಗಳನ್ನು ತೋರಿಸಿತು. ಆಕಾರಗಳನ್ನೇ ಹೆಚ್ಚು ನೋಡಿದ್ದು ಆಟಿಸಂ ಇದ್ದ ಪುಟಾಣಿಗಳಲ್ಲಿ ಸುಮಾರು 40% ಮಾತ್ರ. ಮಿಕ್ಕವರು?

ಇನ್ನು ನಿಮ್ಮ ಶಿಶುವಿಹಾರದ ಸಲಹೆ. 2023ರಲ್ಲಿ ಅಮೆರಿಕದ 6 ತಜ್ಞ ಚಿಕಿತ್ಸಾಲಯಗಳಲ್ಲಿ 16ರಿಂದ 30 ತಿಂಗಳ 475 ಮಕ್ಕಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ತಜ್ಞರು ಆಟಿಸಂ ಎಂದವರಲ್ಲಿ 71% ಮಕ್ಕಳನ್ನು ಯಂತ್ರ ಹಿಡಿಯಿತು, ಅಲ್ಲ ಎಂದವರಲ್ಲಿ 80.7% ಮಕ್ಕಳನ್ನು ಸರಿಯಾಗಿ ಬಿಟ್ಟಿತು. ತಜ್ಞರ ಬಾಗಿಲಿಗೆ ಬಂದ ಮಕ್ಕಳಿಗೆ ಇದು ಉಪಯುಕ್ತವೇ. ಇದೇ ಅಂಕಿಗಳನ್ನು 1000 ಮಕ್ಕಳಿಗೆ ಹಚ್ಚಿ. ಅವರಲ್ಲಿ 30 ಮಕ್ಕಳಿಗೆ ಆಟಿಸಂ ಇದೆ ಎಂದಿಟ್ಟುಕೊಳ್ಳಿ. 21 ಮಕ್ಕಳು ಸಿಗುತ್ತಾರೆ, 9 ಮಕ್ಕಳು ತಪ್ಪಿಹೋಗುತ್ತಾರೆ, ಆಟಿಸಂ ಇಲ್ಲದ ಸುಮಾರು 187 ಮಕ್ಕಳ ಮನೆಗೆ ಕಳವಳದ ಚೀಟಿ ಹೋಗುತ್ತದೆ. ಸಿಕ್ಕ 21 ಮಕ್ಕಳನ್ನೂ ಸೇರಿಸಿದರೆ, ಚೀಟಿ ಪಡೆದ ಹತ್ತು ಮನೆಗಳಲ್ಲಿ ಒಂದಕ್ಕೆ ಮಾತ್ರ ಅದು ಸರಿ.

ಈ ಚುಕ್ಕೆ ಪ್ರಯೋಗಾಲಯದಲ್ಲೇ ಉಳಿದಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. “ಕಣ್ಣು ನೋಡುವುದಿಲ್ಲ” ಎಂಬ ವಾಕ್ಯ ತರಬೇತಿಗೆ ಇಳಿದು “ನನ್ನ ಕಣ್ಣು ನೋಡು” ಎಂಬ ಆಜ್ಞೆಯಾಗಿದೆ. ಮಗುವಿನ ಗದ್ದ ಹಿಡಿದು ಮುಖ ತಿರುಗಿಸುತ್ತಾರೆ, ನೋಡಿದರೆ ಬಹುಮಾನ ಕೊಡುತ್ತಾರೆ. ಕಣ್ಣುಗಳ ಮೇಲೇ ನೋಟ ನಿಲ್ಲುವಂತೆ ಮಾಡಿದಾಗ ಆಟಿಸಂ ಇರುವವರ ಮಿದುಳಿನ ಆಳದ ಭಾಗಗಳು ಅತಿಯಾಗಿ ಕೆರಳುತ್ತವೆ ಎಂದು 2017ರಲ್ಲಿ ಹಜಿಖಾನಿ ತಂಡ ವರದಿ ಮಾಡಿದೆ. ಕಣ್ಣು ನೋಡುತ್ತಾ ಕೂತರೆ ಮಾತು ಕೇಳಿಸಿಕೊಳ್ಳಲಾಗದು ಎಂದು ಆಟಿಸಂ ಇರುವ ಎಷ್ಟೋ ದೊಡ್ಡವರು ಹೇಳುತ್ತಲೇ ಬಂದಿದ್ದಾರೆ. ನೆಲ ನೋಡುತ್ತಾ ಕಥೆ ಕೇಳಿದ ಮಗು ಕಥೆಯನ್ನು ಪೂರ್ತಿ ತಿರುಗಿ ಹೇಳಿದರೆ ಅದರ ಗಮನ ಎಲ್ಲಿತ್ತು ಅನ್ನುತ್ತೀರಿ?

ಪ್ರಬಂಧ ಬರೆಯಿರಿ, ಖಂಡಿತ ಬರೆಯಿರಿ. ಕೇಳುವ ಬುದ್ಧಿ ನಿಮಗಿದೆ. ಮೊದಲ ಕೋಷ್ಟಕದಲ್ಲಿ ಮಾತ್ರ ಎಷ್ಟು ಮಕ್ಕಳು ಬಂದರು, ಎಷ್ಟು ಮಕ್ಕಳನ್ನು ಬಿಟ್ಟಿರಿ, ಏಕೆ ಬಿಟ್ಟಿರಿ, ಉಳಿದ ಪ್ರತಿ ಮಗುವಿನ ಕ್ಯಾಲಿಬ್ರೇಷನ್ ತಪ್ಪು ಎಷ್ಟು ಡಿಗ್ರಿ ಎಂಬುದನ್ನು ಹಾಕಿ. ಆ ಕೋಷ್ಟಕವನ್ನು ನಮಗೆ ಕಳಿಸಿದರೆ ಒಂದು ಸಾಲನ್ನೂ ಕತ್ತರಿಸದೆ ಅಚ್ಚು ಹಾಕುತ್ತೇವೆ.

– ಸಂ.